ಗೆದ್ದೇ ಗೆಲ್ಲುತ್ತೇನೆ ಎಂದು ಬರೆಯಬೇಡಿ



ವಿಶ್ವವಿದ್ಯಾಲಯಗಳ ನೋಟಿಸ್ ಬೋರ್ಡಿನಲ್ಲಿ ವರ್ಷಕ್ಕೊಮ್ಮೆ ಒಂದು ಸುತ್ತೋಲೆ ಕಾಣಿಸಿಕೊಳ್ಳುತ್ತದೆ. ಆಂತರಿಕ ಸಂಶೋಧನಾ ಅನುದಾನಕ್ಕೆ ಅಧ್ಯಾಪಕರಿಂದ ಅರ್ಜಿ ಆಹ್ವಾನಿಸಲಾಗಿದೆ, ನವೀನ ಹಾಗೂ ಸಾಹಸದ ಯೋಜನೆಗಳಿಗೆ ಆದ್ಯತೆ ಎಂಬ ಒಕ್ಕಣೆ. ಕೊನೆಯ ದಿನಾಂಕ ಹತ್ತಿರ ಬಂದಾಗಲೇ ಅದು ವಿಭಾಗಕ್ಕೆ ತಲುಪುವುದು ರೂಢಿ. ಮುಖ್ಯಸ್ಥರು ಮೂಲೆಯಲ್ಲಿ ‘ಎಲ್ಲರ ಗಮನಕ್ಕೆ’ ಎಂದು ಬರೆದು ರುಜು ಹಾಕುತ್ತಾರೆ. ಎಲ್ಲರೂ ಗಮನಿಸುತ್ತಾರೆ. ಅರ್ಜಿ ಹಾಕುವವರು ಇಬ್ಬರೋ ಮೂವರೋ. ಅವರಲ್ಲೂ ಒಬ್ಬರು ತಮ್ಮ ಹಳೆಯ ಪಿಎಚ್‌.ಡಿ. ವಿಷಯಕ್ಕೇ ಹೊಸ ತಲೆಬರಹ ತೊಡಿಸಿರುತ್ತಾರೆ.

ಇವತ್ತು ಈ ಅರ್ಜಿಯ ವಿಚಾರ ಮಾತಾಡೋಣ. ವಿಶ್ವವಿದ್ಯಾಲಯದ ಹೊರಗಿರುವವರಿಗೆ ಇದು ಬರೀ ಕಚೇರಿ ಕಾಗದದ ಮಾತು ಅನ್ನಿಸೀತು. ಆದರೆ ತೆರಿಗೆಯ ಹಣ, ವಿದ್ಯಾರ್ಥಿಗಳ ಶುಲ್ಕದ ಹಣ ಇದರಲ್ಲಿ ಸೇರಿದೆ. ಅದು ಹೇಗೆ ಖರ್ಚಾಗುತ್ತದೆ ಎಂದು ತಿಳಿಯುವ ಹಕ್ಕು ರೇಡಿಯೊ ಕೇಳುತ್ತಿರುವ ಎಲ್ಲರಿಗೂ ಇದೆ.

ಸಂಶೋಧನೆಗೆ ಹಣ ಕೊಡಲು ದೆಹಲಿಯಲ್ಲಿ ದೊಡ್ಡ ಸಂಸ್ಥೆಗಳಿವೆಯಲ್ಲ, ವಿಶ್ವವಿದ್ಯಾಲಯ ತನ್ನ ಜೇಬಿನಿಂದ ಯಾಕೆ ಕೊಡಬೇಕು? ಇದು ನ್ಯಾಯವಾದ ಪ್ರಶ್ನೆ. 2008ರ ಕಾಯ್ದೆಯಿಂದ ಹುಟ್ಟಿದ ಎಸ್‌ಇಆರ್‌ಬಿ ಎಂಬ ಮಂಡಳಿ ಇತ್ತು. 2023ರ ಕಾಯ್ದೆಯ ಪ್ರಕಾರ ಈಗ ಅದು ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಹೋಗಿದೆ. ಇಂಥ ಕಡೆ ಅರ್ಜಿ ಹಾಕಿದರೆ ಪರಿಶೀಲಕರು ಮೊದಲು ಹುಡುಕುವುದು, ‘ಈ ದಾರಿಯಲ್ಲಿ ನೀವು ಈಗಾಗಲೇ ಏನು ಮಾಡಿದ್ದೀರಿ’ ಎಂಬುದನ್ನು. ಪ್ರಾಥಮಿಕ ಫಲಿತಾಂಶ ಬೇಕು, ಪ್ರಕಟವಾದ ಲೇಖನ ಬೇಕು. ಹಣವಿಲ್ಲದೆ ಫಲಿತಾಂಶವಿಲ್ಲ, ಫಲಿತಾಂಶವಿಲ್ಲದೆ ಹಣವಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಯಾರೋ ಯುವ ಸಂಶೋಧಕರನ್ನು ಕಂಡೇ ಕಟ್ಟಿರಬೇಕು. ಈ ಗಂಟನ್ನು ಬಿಚ್ಚುವ ಮೊದಲ ಒಂದೆರಡು ಲಕ್ಷ ರೂಪಾಯಿಯೇ ಆಂತರಿಕ ಅನುದಾನ. ಬೀಜಧನ ಅನ್ನುತ್ತಾರೆ, ಸೀಡ್ ಮನಿ ಅಂತಲೂ ಅನ್ನುತ್ತಾರೆ. ನಮ್ಮ ರಾಜ್ಯ ಸರ್ಕಾರದ ವಿಜ್ಞಾನ-ತಂತ್ರಜ್ಞಾನ ತಂಡವಾದ ವಿಜಿಎಸ್‌ಟಿ ಕೂಡ ಯುವ ವಿಜ್ಞಾನಿಗಳಿಗೆಂದು ಬೀಜಧನದ ಯೋಜನೆಯೊಂದನ್ನು ನಡೆಸಿದೆ.

ವಿಶ್ವವಿದ್ಯಾಲಯಗಳಿಗೆ ಇದರಲ್ಲಿ ಇನ್ನೊಂದು ಆಸಕ್ತಿಯೂ ಉಂಟು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ, 1994ರಲ್ಲಿ ಶುರುವಾದ ನ್ಯಾಕ್ ಸಂಸ್ಥೆ ದರ್ಜೆ ಕೊಡುವ ಮುನ್ನ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು: ಸಂಶೋಧನೆಗಾಗಿ ನಿಮ್ಮ ಅಧ್ಯಾಪಕರಿಗೆ ಬೀಜಧನ ಕೊಟ್ಟಿದ್ದೀರಾ, ವರ್ಷಕ್ಕೆ ಎಷ್ಟು ಲಕ್ಷ? ನ್ಯಾಕ್ ತಂಡ ಬರುವ ಸುದ್ದಿ ಹಬ್ಬಿದರೆ ಈ ಕಡತಕ್ಕೆ ಜೀವ ಬರುತ್ತಿದ್ದುದು ಹೀಗಾಗಿ. ಅದನ್ನು ಗೇಲಿ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ಯಾವ ನೆಪದಲ್ಲಿ ಬಂದರೂ ಹಣ ಹಣವೇ. ಅದನ್ನು ಸರಿಯಾದ ಕೆಲಸಕ್ಕೆ ಬಳಸುವುದು ನಮ್ಮ ಕೈಯಲ್ಲಿದೆ.

ಸಣ್ಣದಾಗಿ ಶುರುಮಾಡುವುದು ನಮಗೆ ಹೊಸತಲ್ಲ. ಸತೀಶ್ ಧವನ್ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಜಾಗಕ್ಕೆ, ಬಂದರು. ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಯುವ ಸುರಂಗವೊಂದನ್ನು ಅಲ್ಲಿ ಕಟ್ಟಿದರು. ಅಂಥದ್ದು ದೇಶದಲ್ಲಿ ಅದೇ ಮೊದಲು. ಅದರೊಳಗೆ ಪರೀಕ್ಷೆ ನಡೆಯುವ ಜಾಗದ ಅಳತೆ ಎಷ್ಟು ಗೊತ್ತೇ? ಒಂದು ಅಂಗುಲಕ್ಕೆ ಮೂರು ಅಂಗುಲ. ಬೆಂಕಿಪೊಟ್ಟಣದಷ್ಟು ಕಿಂಡಿ. ಅಷ್ಟು ಚಿಕ್ಕದರಲ್ಲಿ ಕೈ ಪಳಗಿದ ಮೇಲೆ, 1960ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲಿ 1.2 ಮೀಟರಿನ ದೊಡ್ಡ ಗಾಳಿ ಸುರಂಗ ಎದ್ದಿತು. ನಮ್ಮ ರಾಕೆಟ್ಟುಗಳ, ಯುದ್ಧವಿಮಾನಗಳ ಮಾದರಿಗಳು ಅದರಲ್ಲಿ ಗಾಳಿ ಕುಡಿದಿವೆ. ಮೊದಲ ಹೆಜ್ಜೆಯಲ್ಲೇ 1.2 ಮೀಟರಿನದು ಬೇಕು ಎಂದು ಕೇಳಿದ್ದರೆ ಕೊಡುವ ಧೈರ್ಯ ಯಾರಿಗಿರುತ್ತಿತ್ತು?

ಇದೇ ಕೆಲಸಕ್ಕೆ ಒಂದು ಕ್ರಮ ಕೊಟ್ಟವರಲ್ಲಿ ನಮ್ಮ ಹುಬ್ಬಳ್ಳಿಯವರೊಬ್ಬರು ಇದ್ದಾರೆ. ಗುರುರಾಜ ದೇಶಪಾಂಡೆ ಮತ್ತು ಅವರ ಪತ್ನಿ ಜಯಶ್ರೀ 2002ರಲ್ಲಿ ಅಮೆರಿಕದ ಎಂಐಟಿಗೆ 2 ಕೋಟಿ ಡಾಲರ್ ದಾನ ಕೊಟ್ಟರು. ಅದರಿಂದ ಹುಟ್ಟಿದ್ದು ದೇಶಪಾಂಡೆ ಸೆಂಟರ್. ಅಲ್ಲಿಗೆ ಎಂಐಟಿಯ ಅಧ್ಯಾಪಕರಷ್ಟೇ ಅರ್ಜಿ ಹಾಕಬಹುದು, ಹೊರಗಿನವರಿಗಿಲ್ಲ. ಮೊದಮೊದಲು ಅವರು ಇಟ್ಟುಕೊಂಡಿದ್ದ ಕ್ರಮ ನನಗೆ ಬಹಳ ಹಿಡಿಸುತ್ತದೆ. ಒಂದು ಹೊಳಹು ಮಾತ್ರ ಕೈಯಲ್ಲಿರುವಾಗ 50 ಸಾವಿರ ಡಾಲರಿನವರೆಗೆ ಒಂದು ಪುಟ್ಟ ಅನುದಾನ. ಅದರಲ್ಲಿ ಏನಾದರೂ ಹೊತ್ತಿಕೊಂಡರೆ ಆಮೇಲೆ ಎರಡೂವರೆ ಲಕ್ಷ ಡಾಲರಿನವರೆಗೆ ದೊಡ್ಡದು. ಹೊತ್ತಿಕೊಳ್ಳದಿದ್ದರೆ ಅಲ್ಲಿಗೆ ಮುಗಿಯಿತು, ಯಾರೂ ಯಾರನ್ನೂ ಬೈಯುವುದಿಲ್ಲ. ಹಣದ ಜೊತೆಗೆ, ಉದ್ಯಮದಲ್ಲಿ ಪಳಗಿದ ಹಿರಿಯರೊಬ್ಬರನ್ನು ಸಂಬಳವಿಲ್ಲದ ಮಾರ್ಗದರ್ಶಕರಾಗಿ ಜೊತೆ ಮಾಡುತ್ತಾರೆ. ಅಲ್ಲಿ ನೆರವು ಪಡೆದ ಕೆಲಸಗಳಲ್ಲೊಂದು ಪ್ರೊಫೆಸರ್ ಡಗ್ಲಸ್ ಹಾರ್ಟ್ ಅವರ ಮೂರು ಆಯಾಮದ ಕ್ಯಾಮೆರಾ ತಂತ್ರ. ಹಲ್ಲಿನ ಅಚ್ಚು ತೆಗೆಯಲು ಬಾಯಿತುಂಬ ಮೇಣದಂಥ ಮುದ್ದೆ ತುರುಕುವ ಬದಲು ಬೆಳಕಿನಿಂದಲೇ ಹಲ್ಲಿನ ರೂಪ ಹಿಡಿಯುವ ಸಾಧನವಾಗಿ ಅದು ಬೆಳೆಯಿತು. ಬ್ರಾಂಟಿಸ್ ಎಂಬ ಕಂಪನಿಯಾಯಿತು. 2006ರಲ್ಲಿ 3ಎಂ ಕಂಪನಿ ಅದನ್ನು ಕೊಂಡುಕೊಂಡಿತು.

ನಮ್ಮಲ್ಲಿ ಡಾಲರುಗಳ ಮಾತು ಬೇಡ, ಎರಡು ಲಕ್ಷ ರೂಪಾಯಿಯ ಮಾತಾಡೋಣ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ತುಮಕೂರು ಸೀಮೆಯ ಎಲೆಕ್ಟ್ರಾನಿಕ್ಸ್ ಅಧ್ಯಾಪಕಿಯೊಬ್ಬರು. ತಿಪಟೂರಿನ ಹತ್ತಿರ ತಂದೆಯ ತೆಂಗಿನ ತೋಟ. ತೆಂಗಿಗೆ ಕೆಂಪು ಮೂತಿ ಹುಳು ಬೀಳುವುದನ್ನು ತೋಟ ಇರುವವರೆಲ್ಲ ಬಲ್ಲಿರಿ. ಕಾಂಡದ ಗಾಯದಲ್ಲಿ ದುಂಬಿ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೊಳಗೇ ಕೊರೆಯುತ್ತ ಹೋಗುತ್ತದೆ. ಹೊರಗಿನಿಂದ ಮರ ಚೆನ್ನಾಗಿಯೇ ಇರುತ್ತದೆ. ತೂತಿನಿಂದ ಕಂದು ಬಣ್ಣದ ಅಂಟು ಒಸರಿ, ಸುಳಿ ವಾಲುವ ಹೊತ್ತಿಗೆ ಆ ಮರದ ಆಸೆ ಬಿಡಬೇಕು. ಹಳಬರು ಕಾಂಡಕ್ಕೆ ಕಿವಿಯಿಟ್ಟು ಒಳಗಿನ ಕರಕರ ಸದ್ದು ಕೇಳುತ್ತಾರೆ. ಈ ಹುಡುಗಿಗೆ ಒಂದು ಯೋಚನೆ ಬಂತು: ಅಪ್ಪನ ಕಿವಿ ಮಾಡುವ ಕೆಲಸವನ್ನು ಗ್ರೀಟಿಂಗ್ ಕಾರ್ಡಿನಲ್ಲಿ ಹಾಡು ಹೇಳಿಸುವ ಆ ಅಗ್ಗದ ಪೀಜೊ ಬಿಲ್ಲೆಯೊಂದು ಮಾಡೀತೇ? ಅದೂ ಸುಳಿ ವಾಲುವುದಕ್ಕೆ ತಿಂಗಳುಗಳ ಮುಂಚೆ?

ಆಕೆ ಅರ್ಜಿ ಬರೆಯಲು ಕೂತರು. ಪಕ್ಕದ ಕೋಣೆಯ ಸಹೋದ್ಯೋಗಿ ಸಲಹೆ ಕೊಟ್ಟರು: ‘ಮೇಡಂ, ಹೆಸರು ಭಾರಿಯಾಗಿರಬೇಕು. ಸುಸ್ಥಿರ ಕೃಷಿಗಾಗಿ ಕೃತಕ ಬುದ್ಧಿಮತ್ತೆ ಆಧಾರಿತ ಸಮಗ್ರ ಸ್ಮಾರ್ಟ್ ಕೀಟ ನಿರ್ವಹಣಾ ವ್ಯವಸ್ಥೆ ಅಂತ ಹಾಕಿ.’ ಇಂಥ ತಲೆಬರಹಗಳನ್ನು ಓದಿ ಓದಿ ಸಮಿತಿಗಳಿಗೆ ಮಂಪರು ಬಂದಿದೆ. ಅದರಲ್ಲಿ ತೆಂಗೂ ಇಲ್ಲ, ಹುಳುವೂ ಇಲ್ಲ, ಸದ್ದೂ ಇಲ್ಲ. ನಾನಾಗಿದ್ದರೆ ಹೀಗೆ ಬರೆಯಿರಿ ಎನ್ನುತ್ತಿದ್ದೆ: ‘ತೆಂಗಿನ ಕಾಂಡದೊಳಗಿನ ಎಳೆಯ ಮರಿಹುಳುವಿನ ಸದ್ದು ತೋಟದ ಗದ್ದಲದ ನಡುವೆ ಗುರುತು ಸಿಗುತ್ತದೆಯೇ?’ ಪ್ರಶ್ನೆ ಒಂದೇ, ಉತ್ತರ ಹೌದು ಅಥವಾ ಇಲ್ಲ. ಎರಡು ಲಕ್ಷಕ್ಕೆ ಒಂದು ಪ್ರಶ್ನೆ ಸಾಕು.

ಎರಡನೆಯದಾಗಿ, ಹಿಂದೆ ಯಾರು ಏನು ಮಾಡಿದ್ದಾರೆ ಎಂಬುದನ್ನು ಬಚ್ಚಿಡಬಾರದು. ಇದೇ ಹುಳು ಖರ್ಜೂರದ ಮರಕ್ಕೂ ಬೀಳುತ್ತದೆ. ಖರ್ಜೂರ ಬೆಳೆಯುವ ದೇಶಗಳಲ್ಲಿ ಸದ್ದಿನಿಂದ ಹುಳು ಹಿಡಿಯುವ ಪ್ರಯತ್ನ ವರ್ಷಗಳಿಂದ ನಡೆದಿದೆ. ‘ವಿಶ್ವದಲ್ಲೇ ಪ್ರಥಮ’ ಎಂದು ಬರೆದರೆ ಸಮಿತಿಯಲ್ಲಿರುವ ಕೀಟಶಾಸ್ತ್ರಜ್ಞರು ಮೊಬೈಲ್ ತೆಗೆದು ಎರಡು ನಿಮಿಷದಲ್ಲಿ ಅರ್ಜಿಯನ್ನು ಮಗುಚಿ ಇಡುತ್ತಾರೆ. ಅಲ್ಲಿ ಆದದ್ದು ಇಷ್ಟು, ನಮ್ಮ ತೋಟದಲ್ಲಿ ಬೇರೆಯಾಗಿರುವುದು ಇಷ್ಟು ಎಂದು ನಾಲ್ಕು ಸಾಲಿನಲ್ಲಿ ಹೇಳಿದರೆ, ಈಕೆ ಓದಿಕೊಂಡಿದ್ದಾಳೆ ಎಂದು ಅದೇ ಕೀಟಶಾಸ್ತ್ರಜ್ಞರು ಪಕ್ಷ ವಹಿಸುತ್ತಾರೆ.

ಮೂರನೆಯದೇ ಮುಖ್ಯ. ಇದು ಎಲ್ಲಿ ಕೈಕೊಡಬಹುದು ಎಂದು ಅರ್ಜಿದಾರರೇ ಬರೆಯಬೇಕು. ಗಾಳಿಗೆ ಗರಿ ಬಡಿಯುವ ಸದ್ದು, ಪಂಪ್‌ಸೆಟ್ಟಿನ ಗುಂಯ್‌ಗಾಟ ಇದೆಲ್ಲ ಸೋಸಬಹುದಾದ ತೊಂದರೆಗಳು. ನಿಜವಾಗಿ ಯೋಜನೆಯನ್ನು ಕೊಲ್ಲಬಲ್ಲದ್ದು ಬೇರೆ: ಮರಿಹುಳು ತೀರಾ ಎಳೆಯದಾಗಿರುವಾಗ ಅದರ ಸದ್ದು ಬಿಲ್ಲೆಗೆ ಮುಟ್ಟುವಷ್ಟು ಇರುತ್ತದೆಯೋ ಇಲ್ಲವೋ? ಇಲ್ಲವಾದರೆ ಎಂಥ ಕೃತಕ ಬುದ್ಧಿಯೂ ಏನೂ ಮಾಡಲಾರದು. ಆದ್ದರಿಂದ ಮೊದಲ ಮೂರು ತಿಂಗಳು ತೋಟಕ್ಕೆ ಹೋಗುವುದೇ ಬೇಡ. ಕಡಿದ ಕಾಂಡದ ಎರಡು ತುಂಡು ತಂದು, ಒಂದರಲ್ಲಿ ಮರಿಹುಳು ಸಾಕಿ, ಇನ್ನೊಂದನ್ನು ಖಾಲಿ ಬಿಟ್ಟು, ಸದ್ದಿಲ್ಲದ ಕೋಣೆಯಲ್ಲಿ ಇಟ್ಟು ಕೇಳಿ. ಆ ಮೌನದಲ್ಲೇ ವ್ಯತ್ಯಾಸ ಸಿಗದಿದ್ದರೆ ತೋಟದಲ್ಲಿ ಸಿಗುವ ಮಾತೇ ಇಲ್ಲ. ‘ಹಾಗಾದರೆ ಯೋಜನೆ ಅಲ್ಲಿಗೇ ನಿಲ್ಲಿಸಿ ಉಳಿದ ಹಣ ಹಿಂದಿರುಗಿಸುತ್ತೇನೆ’ ಎಂದು ಅರ್ಜಿಯಲ್ಲೇ ಬರೆಯಲಿ. ಆ ಒಂದು ವಾಕ್ಯ ಓದಿದರೆ ಹಣಕಾಸು ಅಧಿಕಾರಿಗಳು ಕನ್ನಡಕ ಸರಿಮಾಡಿಕೊಂಡು ಮತ್ತೆ ಓದುತ್ತಾರೆ. ಅವರ ಸೇವಾವಧಿಯಲ್ಲಿ ಅಂಥ ವಾಕ್ಯ ಕಂಡಿರುವುದಿಲ್ಲ.

ನಾವು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಮಾಡುತ್ತೇವೆ. ಸುಲಭದ ಕೆಲಸವನ್ನೆಲ್ಲ ಮೊದಲ ವರ್ಷಕ್ಕೆ ಇಟ್ಟುಕೊಳ್ಳುತ್ತೇವೆ: ಸಾಹಿತ್ಯ ಸಮೀಕ್ಷೆ, ಉಪಕರಣ ಖರೀದಿ, ಒಂದು ಕಾರ್ಯಾಗಾರ. ಕಠಿಣ ಪ್ರಶ್ನೆ ಕೊನೆಯ ಮೂರು ತಿಂಗಳಿಗೆ. ಅಷ್ಟರಲ್ಲಿ ಹಣ ಮುಗಿದಿರುತ್ತದೆ, ಅಧ್ಯಾಪಕರಿಗೆ ಮೌಲ್ಯಮಾಪನದ ಕರೆ ಬಂದಿರುತ್ತದೆ.

ಹಣದ ಪಟ್ಟಿಯ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಲ್ಯಾಪ್‌ಟಾಪ್ ಕೇಳಬೇಡಿ. ಸಮಿತಿಯ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬಿಲ್ಲೆ, ತಂತಿ, ಧ್ವನಿಮುದ್ರಕ, ಮರ ಕೊಟ್ಟ ರೈತನಿಗೆ ಪರಿಹಾರ, ಓಡಾಟ, ಅರೆಕಾಲಿಕ ವಿದ್ಯಾರ್ಥಿಯ ಸಂಭಾವನೆ, ಹೀಗೆ ಪ್ರಶ್ನೆಗೆ ನೇರ ಅಂಟಿಕೊಂಡದ್ದನ್ನು ಮಾತ್ರ ಬರೆಯಿರಿ. ಪ್ರಯೋಗಾಲಯದಲ್ಲಿ ಈಗಾಗಲೇ ಇರುವ ಉಪಕರಣಗಳನ್ನೂ ಹೆಸರಿಸಿ, ಅದು ನಿಮ್ಮ ಪಾಲಿನ ಬಂಡವಾಳ. ಕಾಲಾವಧಿಯನ್ನು ‘ಮಂಜೂರಾದ ದಿನದಿಂದ’ ಎನ್ನದೆ ‘ಹಣ ಖಾತೆಗೆ ಜಮೆಯಾದ ದಿನದಿಂದ’ ಎಂದು ಬರೆಯಿರಿ. ಮಂಜೂರಾತಿ ಪತ್ರಕ್ಕೂ ಹಣಕ್ಕೂ ನಡುವೆ ಒಂದು ಮಳೆಗಾಲವೇ ಕಳೆದುಹೋಗಬಹುದು. ಕೊಟೇಶನ್, ತುಲನಾ ಪಟ್ಟಿ, ಖರೀದಿ ಸಮಿತಿ ಎಲ್ಲ ದಾಟುವ ಹೊತ್ತಿಗೆ ಮಾರ್ಚ್ 31 ಎದುರಿಗೆ ನಿಂತಿರುತ್ತದೆ. ಇಲ್ಲಿ ವಿಶ್ವವಿದ್ಯಾಲಯಗಳಿಗೂ ನನ್ನದೊಂದು ಮಾತಿದೆ. ಸಾಹಸದ ಯೋಜನೆಗೆಂದು ಕೊಟ್ಟ ಹಣವನ್ನು ಮಾರ್ಚ್ ಕೊನೆಗೆ ಖರ್ಚುಮಾಡಿ ಬಳಕೆ ಪ್ರಮಾಣಪತ್ರ ಕೊಡಿ ಎಂದು ಅವಸರಿಸಿದರೆ, ಬುದ್ಧಿವಂತ ಸಂಶೋಧಕ ಸಾಹಸ ಬಿಟ್ಟು ಪ್ರಿಂಟರ್ ಕೊಳ್ಳುತ್ತಾನೆ.

ಇನ್ನು ಸಮಿತಿ. ಅರ್ಜಿದಾರರಿಗೆ ಎಷ್ಟು ಹೇಳಿದರೂ ಈ ಕಡೆಯವರನ್ನು ಬಿಟ್ಟರೆ ಮಾತು ಅರ್ಧವಾಗುತ್ತದೆ. ಕೆಲವು ವರ್ಷ ಇಂಥ ಸಮಿತಿಗಳ ಮೇಜಿನ ಸುತ್ತ ನಾನೂ ಗೋಡಂಬಿ ತಿಂದಿದ್ದೇನೆ. ಒಂದು ಸಂದರ್ಶನದಲ್ಲಿ ಹಿರಿಯ ಸದಸ್ಯರೊಬ್ಬರು ಎದುರಿಗೆ ಕೂತ ಯುವಕನನ್ನು ಕೇಳಿದರು: ‘ಇದು ಯಶಸ್ವಿಯಾಗುತ್ತದೆ ಅನ್ನೋದಕ್ಕೆ ಏನಪ್ಪಾ ಗ್ಯಾರಂಟಿ?’ ಆತ ತಡಮಾಡದೆ ಹೇಳಿದ, ‘ಗ್ಯಾರಂಟಿ ಇದ್ದಿದ್ದರೆ ದೆಹಲಿಗೇ ಕಳಿಸ್ತಿದ್ದೆ ಸಾರ್.’ ಕೋಣೆಯಲ್ಲಿ ನಗು ಎದ್ದಿತು. ಆದರೆ ಅಂಕ ಹಾಕುವಾಗ ಆ ಸದಸ್ಯರ ಕೈ ಹಿಡಿತ ಬಿಡಲಿಲ್ಲ. ಸುತ್ತೋಲೆಯಲ್ಲಿ ‘ಸಾಹಸದ ಯೋಜನೆ’ ಎಂದು ಅಚ್ಚಾಗಿದ್ದುದು ಅವರ ಮುಂದೆಯೇ ಇತ್ತು.

ಇದು ಆ ಒಬ್ಬರ ಸ್ವಭಾವವಲ್ಲ. ಅಮೆರಿಕದ ಒಂದು ಪ್ರಮುಖ ವಿಶ್ವವಿದ್ಯಾಲಯದಲ್ಲಿ ಆಂತರಿಕ ಅನುದಾನದ ಸ್ಪರ್ಧೆಯನ್ನೇ ಪ್ರಯೋಗವಾಗಿ ನಡೆಸಿದರು. ಯಾವ ಅರ್ಜಿ ಯಾವ ಪರಿಶೀಲಕರಿಗೆ ಹೋಗಬೇಕು ಎಂಬುದನ್ನು ಚೀಟಿ ಎತ್ತಿದಂತೆ ಹಂಚಿದರು. ಹೀಗೆ ಸಿಕ್ಕ 2,130 ಮೌಲ್ಯಮಾಪನಗಳ ಲೆಕ್ಕ 2016ರಲ್ಲಿ ಪ್ರಕಟವಾಯಿತು. ತೀರಾ ಹೊಸತಾದ ಅರ್ಜಿಗಳಿಗೆ ಕಡಿಮೆ ಅಂಕ ಬಿದ್ದಿತ್ತು. ಇನ್ನೊಂದು ಸ್ವಾರಸ್ಯ ನೋಡಿ: ಪರಿಶೀಲಕರು ತಮ್ಮ ಸ್ವಂತ ಕ್ಷೇತ್ರಕ್ಕೆ ಹತ್ತಿರವಿದ್ದ ಅರ್ಜಿಗಳಿಗೂ ಕಡಿಮೆಯೇ ಕೊಟ್ಟಿದ್ದರು. ನಮ್ಮ ವಿಷಯದವರು ಸಮಿತಿಯಲ್ಲಿದ್ದಾರೆ, ಕೈಹಿಡಿಯುತ್ತಾರೆ ಎಂದು ನಂಬಿ ಕೂರುವವರು ಇದನ್ನು ನೆನಪಿಡಬೇಕು. ವಿಷಯ ಬಲ್ಲವರಿಗೆ ಕೊರತೆಗಳು ಬೇಗ ಕಾಣುತ್ತವೆ. ಅರ್ಜಿಯ ಮೊದಲ ಪುಟವನ್ನು ಬೇರೆ ವಿಭಾಗದ ಒಬ್ಬರಿಗೆ, ಇತಿಹಾಸದವರಿಗೋ ವಾಣಿಜ್ಯಶಾಸ್ತ್ರದವರಿಗೋ, ಓದಲು ಕೊಟ್ಟು, ಏನು ಅರ್ಥವಾಯಿತು ಎಂದು ಅವರ ಬಾಯಲ್ಲೇ ಕೇಳಿಸಿಕೊಳ್ಳುವುದು ಒಳ್ಳೆಯದು ಎನ್ನುವುದು ಇದಕ್ಕೇ.

ನ್ಯೂಜಿಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ಸಾಹಸದ ಯೋಜನೆಗಳಿಗೆಂದೇ ಒಂದು ಅನುದಾನ ಇಟ್ಟಿದೆ. ಸಮಿತಿ ಅಂಕ ಕೊಡುವುದಿಲ್ಲ; ಇದು ಹೊಸ ದಾರಿಯೇ, ಮಾಡಲು ಸಾಧ್ಯವೇ ಎಂದಷ್ಟೇ ನೋಡಿ ಅರ್ಹರ ಪಟ್ಟಿ ಮಾಡುತ್ತದೆ. ಆ ಪಟ್ಟಿಯಿಂದ ಲಾಟರಿ. ಹೌದು, ಲಾಟರಿಯೇ. ಜರ್ಮನಿಯ ಫೋಕ್ಸ್‌ವ್ಯಾಗನ್ ಪ್ರತಿಷ್ಠಾನವೂ ಆಮೇಲೆ ಈ ಪದ್ಧತಿಯನ್ನು ಪ್ರಯೋಗ ಮಾಡಿ ನೋಡಿತು. ನಮ್ಮಲ್ಲಿ ಇದನ್ನು ಯಾರಾದರೂ ಸಿಂಡಿಕೇಟ್ ಸಭೆಯಲ್ಲಿ ಸೂಚಿಸಿದರೆ ಏನಾಗಬಹುದು ಎಂದು ಊಹಿಸಿ ನಗಬಹುದು. ಆದರೂ ಐದು ಸಮಾನ ಅರ್ಹರಲ್ಲಿ ಇಬ್ಬರನ್ನು ಆರಿಸುವಾಗ ವಿಭಾಗ, ಸೇವಾಹಿರಿತನ, ಕಾರಿಡಾರಿನ ಸ್ನೇಹ ಇವೆಲ್ಲ ಬಂದು ಕೂರುವುದಕ್ಕಿಂತ ಚೀಟಿ ಎತ್ತುವುದು ಮೇಲು ಎಂದು ನನ್ನ ಅಭಿಪ್ರಾಯ.

ಅರ್ಜಿ ತಿರಸ್ಕೃತವಾದವರೆಲ್ಲ ಈಗ ವಿಜ್ಞಾನಿ ಕ್ಯಾಟಲಿನ್ ಕಾರಿಕೊ ಅವರ ಹೆಸರು ಹೇಳುತ್ತಾರೆ. ಎಂಆರ್‌ಎನ್‌ಎ ಕುರಿತ ಆಕೆಯ ಅರ್ಜಿಗಳು 1990ರ ದಶಕದಲ್ಲಿ ಸಾಲುಸಾಲಾಗಿ ತಿರಸ್ಕೃತವಾದವು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹುದ್ದೆಯಲ್ಲೂ ಕೆಳಗಿಳಿಯಬೇಕಾಯಿತು, 2023ರಲ್ಲಿ ನೊಬೆಲ್ ಬಂತು. ನಿಜ. ಆದರೆ ತಿರಸ್ಕಾರವೇ ಪ್ರತಿಭೆಯ ಸಾಕ್ಷಿಯಲ್ಲ; ಕೆಲವು ಅರ್ಜಿಗಳು ಕೆಟ್ಟದಾಗಿದ್ದುದಕ್ಕೇ ತಿರಸ್ಕೃತವಾಗುತ್ತವೆ. ಆಕೆಯಿಂದ ಕಲಿಯಬೇಕಾದ್ದು ಬೇರೆ ಇದೆ. ಡ್ರೂ ವೈಸ್ಮನ್ ಎಂಬ ರೋಗನಿರೋಧ ವಿಜ್ಞಾನಿ ಜೊತೆಯಾದ ಮೇಲೆ ಕೆಲಸಕ್ಕೆ ಕಾಲು ಬಂದವು, ಇಬ್ಬರೂ ಸೇರಿ 2005ರಲ್ಲಿ ಪ್ರಕಟಿಸಿದ ಲೇಖನವೇ ಮುಂದಿನದಕ್ಕೆಲ್ಲ ತಳಹದಿ. ನಮ್ಮ ಎಲೆಕ್ಟ್ರಾನಿಕ್ಸ್ ಮೇಡಂ ಕೂಡ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರೊಬ್ಬರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳದೆ ಹೊರಡಬಾರದು. ಮರಿಹುಳು ಸಾಕುವುದು ಸರ್ಕ್ಯೂಟ್ ಬೆಸೆದಷ್ಟು ಸುಲಭವಲ್ಲ.

ಕೊನೆಯದಾಗಿ ಒಂದು ಊರಿನ ಕಥೆ. ಅಮೂಲ್ಯ ರೆಡ್ಡಿ ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತು ಬಲ್ಲ ಹೆಸರು. ಬೊಕ್ರಿಸ್ ಎಂಬ ವಿಜ್ಞಾನಿಯ ಜೊತೆ ಅವರು ಬರೆದ ಪಠ್ಯವನ್ನು ದೇಶದೇಶಗಳ ವಿದ್ಯಾರ್ಥಿಗಳು ಓದಿದರು. ಅಂಥವರು 1974ರಲ್ಲಿ ಅದನ್ನು ಪಕ್ಕಕ್ಕಿಟ್ಟು, ಟಾಟಾ ಇನ್‌ಸ್ಟಿಟ್ಯೂಟಿನೊಳಗೇ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವೇ ಅದರ ಕೆಲಸ. ಆಗ ನಿರ್ದೇಶಕರಾಗಿದ್ದವರು ಆ ಮೂರು ಅಂಗುಲದ ಸುರಂಗದ ಧವನ್ ಅವರೇ. ಕಡಿಮೆ ಸೌದೆಯ ಅಸ್ತ್ರ ಒಲೆ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇದ್ದಿರಬಹುದು. ಅದೇ ತಂಡ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿತು. ಮನೆಮನೆಗೆ ಅಡುಗೆಗೆ ಗ್ಯಾಸ್ ಕೊಡುವುದು ಗುರಿ. ಸಾಲಲಿಲ್ಲ. ಊರಿನ ಸಗಣಿಯಿಂದ ಬಂದ ಗ್ಯಾಸಿನಲ್ಲಿ ಎಲ್ಲರ ಮನೆಯ ಪೂರ್ತಿ ಅಡುಗೆ ಆಗಲಿಲ್ಲ. ಅರ್ಧ ಅಡುಗೆಗೆ ಗ್ಯಾಸ್, ಅರ್ಧಕ್ಕೆ ಸೌದೆ ಎಂದರೆ ಯಾರಿಗೆ ಬೇಕು? ಯೋಜನೆ ಬಿತ್ತು. ಊರಿನವರಿಗೆ ಅದಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸಿದರು, ಮನೆಗೆ ದೀಪ ಕೊಟ್ಟರು. ಅದು ವರ್ಷಗಟ್ಟಲೆ ನಡೆಯಿತು. ಅಡುಗೆಯ ಯೋಜನೆ ಯಾಕೆ ಬಿತ್ತು ಎಂಬುದನ್ನು ರೆಡ್ಡಿಯವರು ಆಮೇಲೆ ಬಿಡಿಸಿ ಬರೆದಿದ್ದಾರೆ. ಇಂಥದನ್ನು ಬೇರೆಡೆ ಕಟ್ಟಹೊರಡುವವರಿಗೆ ಆ ಬರಹದಷ್ಟು ಉಪಯೋಗದ್ದು ಬೇರೆ ಇಲ್ಲ.

ನಮ್ಮ ಆಂತರಿಕ ಅನುದಾನದ ವರದಿಗಳಲ್ಲಿ ಇಂಥ ಪುಟ ಸಿಗುವುದು ಅಪರೂಪ. ‘ಉದ್ದೇಶಗಳು ಸಂಪೂರ್ಣವಾಗಿ ಈಡೇರಿವೆ’ ಎಂದೇ ಎಲ್ಲ ವರದಿಗಳು ಮುಗಿಯುತ್ತವೆ. ಎಲ್ಲ ಸಾಹಸಗಳೂ ಗೆಲ್ಲುವುದಾದರೆ ಅವು ಸಾಹಸವೇ ಅಲ್ಲ, ಅಥವಾ ವರದಿ ನಿಜವಲ್ಲ. ಹಾಗಾಗಿ ಈ ವರ್ಷದ ಸುತ್ತೋಲೆ ಬರುವ ಮುಂಚೆಯೇ ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗಕ್ಕೆ ಹೋಗಿ, ಹಿಂದೆ ಹಣ ಪಡೆದ ಯೋಜನೆಗಳ ಅಂತಿಮ ವರದಿ ತೋರಿಸಿ ಎಂದು ಕೇಳಿ. ಬಳಕೆ ಪ್ರಮಾಣಪತ್ರ ಬೇಗ ಸಿಗುತ್ತದೆ, ವರದಿಗೆ ನಾಲ್ಕು ಬೀರು ಹುಡುಕಬೇಕಾದೀತು. ಸಿಕ್ಕರೆ ಸಾಧನೆಯ ಪಟ್ಟಿ ಬಿಟ್ಟು, ಯಾವುದು ಆಗಲಿಲ್ಲ ಎಂದು ಯಾರಾದರೂ ಒಂದು ಪ್ಯಾರಾ ಬರೆದಿದ್ದಾರೆಯೇ ನೋಡಿ. ಬರೆದಿದ್ದರೆ ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, ನಿವೃತ್ತರಾಗಿದ್ದರೂ ಸರಿ. ನಿಮ್ಮ ಅರ್ಜಿಯನ್ನು ಮೊದಲು ಓದಲು ಅವರಿಗಿಂತ ತಕ್ಕವರು ಸಿಗುವುದಿಲ್ಲ.